ಕೆಂಪು ಜಾಕೆಟ್ಟು ಬಿಚ್ಚಿಸಿದ ಶಿವಮಲ್ಲು

ತೆರಕಣಾಂಬಿಯ ಬಸ್ ಸ್ಟಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಶಿವಮಲ್ಲುವಿಗೆ ಸುತ್ತಲ ಹತ್ತೂರಲ್ಲಿ ಇನ್ನೊಂದು ಹೆಸರಿದೆ: ‘ಅಂಗೇ ಇರಿ’. ಮದುವೆ ಮನೆಯಲ್ಲಿ ಗಟ್ಟಿಮೇಳ ಮೊಳಗುತ್ತಿರುತ್ತದೆ, ಗಂಡು ತಾಳಿ ಹಿಡಿದು ಹೆಣ್ಣಿನ ಕೊರಳಿಗೆ ಕೈ ಚಾಚಿರುತ್ತಾನೆ, ಮುಹೂರ್ತ ಮೀರುತ್ತದೆಂದು ಅಯ್ಯನವರು ಕಣ್ಣು ಕೆಕ್ಕರಿಸುತ್ತಿರುತ್ತಾರೆ. ಅಷ್ಟರಲ್ಲಿ ಇವನು ಮುಂದೆ ನುಗ್ಗಿ ‘ಅಂಗೇ ಇರಿ’ ಎನ್ನುತ್ತಾನೆ. ಗಂಡು ಕಲ್ಲಾಗುತ್ತಾನೆ. ಗದ್ದ ಮೇಲೆತ್ತಿ, ಕ್ಯಾಮೆರಾ ಕಡೆಗೊಂದು ನಗು ಬೀರಿ, ಇವನು ಸಾಕು ಎನ್ನುವವರೆಗೂ ತಾಳಿಯನ್ನು ಗಾಳಿಯಲ್ಲೇ ಹಿಡಿದಿರುತ್ತಾನೆ. ಸಾಕ್ಷಾತ್ ಮಾದಪ್ಪನೇ ಬಂದರೂ ಶಿವಮಲ್ಲು ಒಂದು ಗಳಿಗೆ ಬಾಗಿಲಲ್ಲಿ ನಿಲ್ಲಿಸಿಯೇ ಒಳಗೆ ಬಿಡುವುದು ಎಂದು ಊರವರು ಆಡಿಕೊಳ್ಳುತ್ತಾರೆ.

ಹೀಗೆ ಕಂಡವರನ್ನೆಲ್ಲ ನಿಲ್ಲಿಸುವವನಿಗೆ ತನ್ನ ಹೊಟ್ಟೆಕಿಚ್ಚನ್ನು ಮಾತ್ರ ನಿಲ್ಲಿಸಲು ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ. ಆದರೆ ಇವನದು ಮಾಗಿಯ ಚಳಿ ಬಿದ್ದೊಡನೆ ಏಳುತ್ತಿತ್ತು, ಭಾನುವಾರ ಭಾನುವಾರಕ್ಕೆ ಬೆಳೆಯುತ್ತಿತ್ತು, ಅದಕ್ಕೆ ಕಾರಣ ಅವನ ಜೀವದ ಗೆಳೆಯ ಮಹದೇವ.

ಮಹದೇವ ಈಗ ಟೆಂಪೋದಲ್ಲಿ ತರಕಾರಿ ಸಾಗಿಸುತ್ತಾನೆ. ಮೊದಲು ಚಾಮರಾಜನಗರದ ಕಡೆಯ ಕರಿಕಲ್ಲು ಕ್ವಾರಿಯೊಂದರಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಂಡೆಯ ಮೈಮೇಲೆ ಜೋತಾಡುತ್ತ ಕಲ್ಲಿಗೆ ತೂತು ಕೊರೆಯುತ್ತಿದ್ದ. ಕ್ವಾರಿ ಮುಚ್ಚಿತು. ಗುಂಡಿಯಲ್ಲಿ ನೀರು ನಿಂತಿತು. ಗುಂಡಿಯ ನಡುವಿಗೆ ತೋಳು ಚಾಚಿದ ಹಳೆಯ ಕ್ರೇನೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊತ್ತುಕೊಂಡು ಹೋದರು. ಮಹದೇವನ ಕೈ ಸುಮ್ಮನಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ಆ ಕ್ರೇನಿನ ತೋಳಿಗೆ ಹಗ್ಗ ಬಿಗಿದ, ತನ್ನ ಹಳೆಯ ಕೆಲಸದ ಬೆಲ್ಟಿಗೆ ಹಗ್ಗದ ಹುಕ್ಕು ಹಾಕಿಕೊಂಡ, ಬಂಡೆಯ ಅಂಚಿನಿಂದ ನೆಗೆದ. ಕಲ್ಲಿನಂತೆ ಕೆಳಗೆ ಬಿದ್ದವನು ನೀರಿಗೆ ಎರಡಾಳುದ್ದ ಇರುವಾಗ ಹಗ್ಗ ಬಿಗಿದು, ಉಯ್ಯಾಲೆಯ ಹಾಗೆ ತೂಗಿ ಆಚೆ ಗೋಡೆಯ ಹತ್ತಿರಕ್ಕೆ ಹೋಗಿ ಬಂದ. ಅವನ ಹಿಂದೆ ಹೈಸ್ಕೂಲಿನಲ್ಲಿ ಗುಮಾಸ್ತನಾಗಿರುವ ಶಾಂತರಾಜುವೂ ನೆಗೆದ. ಮೂರನೆಯವನು ಶಿವಮಲ್ಲು. ಅವನು ಅಂಚಿಗೆ ಹೋಗಿ ಕೆಳಗೆ ನೋಡಿದ, ನೆಗೆಯದೆ ಅಲ್ಲಿಯೇ ಕುಕ್ಕರಿಸಿದ.

ಮಹದೇವ ನಗಲಿಲ್ಲ. ಬೆಲ್ಟು ಬಿಚ್ಚಿಕೊಳ್ಳುತ್ತ, ‘ಬುಡ್ಲಾ, ಫೋಟೋ ತಗಿಯಾಕೂ ಒಬ್ಬ ಬೇಕಲ್ವಾ’ ಅಂದ. ನಕ್ಕಿದ್ದರೆ ಶಿವಮಲ್ಲು ಎಂದೋ ಮರೆಯುತ್ತಿದ್ದ. ನಗದೆ ಇದ್ದದ್ದನ್ನು ಮರೆಯಲು ಆಗಲಿಲ್ಲ.

ಅಂದಿನಿಂದ ಇವನ ಜಾಗ ಗುಂಡಿಯ ಆಚೆ ದಡ. ಚಳಿಗಾಲದ ಭಾನುವಾರಗಳಲ್ಲಿ, ಮದುವೆಗಳಿಲ್ಲದ ಧನುರ್ಮಾಸದಲ್ಲಂತೂ ತಪ್ಪದೆ, ಬೆಳಕು ಹರಿಯುವ ಮೊದಲೇ ಮೂವರೂ ಟೆಂಪೋ ಹತ್ತುತ್ತಿದ್ದರು. ಶಿವಮಲ್ಲು ಮಂಕಿಕ್ಯಾಪು ಹಾಕಿಕೊಂಡು, ಮಂಜು ಕುಡಿದ ಹುಲ್ಲಿನ ಮೇಲೆ ಮೊಣಕಾಲೂರಿ, ದೂರದ ಲೆನ್ಸು ಹಿಡಿದು ಕಾಯುತ್ತಿದ್ದ. ಅವನು ತೆಗೆದ ಫೋಟೋಗಳನ್ನು ಮಹದೇವ ಮೊಬೈಲಿನಲ್ಲಿ ಹಾಕಿದ್ದೇ ತಡ, ಗುಂಡ್ಲುಪೇಟೆಯಿಂದ ಮೈಸೂರಿನವರೆಗೆ ಹುಡುಗರು ‘ಗುರುವೇ’, ‘ಸಿಂಹ’ ಎಂದು ಬರೆದದ್ದೇ ಬರೆದದ್ದು. ತೆಗೆದವನು ಯಾರು ಎಂದು ಒಬ್ಬನಾದರೂ ಕೇಳಬೇಕಲ್ಲ? ಹೋಗಲಿ, ಊರವರು ಕೇಳದಿದ್ದರೆ ಬೇಡ. ಶಿವಮಲ್ಲುವಿನ ಹೆಂಡತಿ ಮಧುಶ್ರೀ ಕೂಡ ಮಹದೇವ ಗಾಳಿಯಲ್ಲಿ ಕೈಚಾಚಿ ತೇಲುವ ಫೋಟೋವನ್ನು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಳು. ಪಕ್ಕದ ಮನೆಯ ಪುಟ್ಟಸಿದ್ದಮ್ಮನಿಗೆ ಅದನ್ನು ತೋರಿಸುತ್ತ, ‘ನೋಡಕ್ಕ, ನಮ್ ಮಾದೇವಣ್ಣ. ಏನ್ ಗುಂಡ್ಗೆ ಅಂತೀನಿ’ ಎನ್ನುವುದನ್ನು ಶಿವಮಲ್ಲು ಒಳಗೆ ಮುದ್ದೆ ಮುರಿಯುತ್ತ ಕೇಳಿಸಿಕೊಂಡ.

‘ಅದ ತಗ್ದೋನು ಯಾರು ಅಂತ ಯೋಳ್ದ್ಯಾ?’ ಎಂದು ಕೂತಲ್ಲಿಂದಲೇ ಕೇಳಿದ.

‘ನೀವೇ ಅಲ್ವಾ ತಗ್ಯೋದು, ಅದ್ನೇನ್ ಯೋಳೋದು’ ಅಂದಳು ಮಧುಶ್ರೀ.

ಹಿತ್ತಲ ಗಿಡ ಮದ್ದಲ್ಲ. ಅಂದು ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಈ ವರ್ಷದ ಜನವರಿಯ ಮೊದಲ ಭಾನುವಾರ ಮಹದೇವ ಹೊಸದೊಂದು ಜಾಕೆಟ್ಟು ಹಾಕಿಕೊಂಡು ಬಂದ. ದಪ್ಪ ಹತ್ತಿ ತುಂಬಿದ, ಹಣ್ಣು ಮೆಣಸಿನಕಾಯಿಯಂಥ ಕೆಂಪು ಜಾಕೆಟ್ಟು. ಅದರ ಮೇಲೆ ಬೆಲ್ಟು ಬಿಗಿದು, ಹಗ್ಗದ ಹುಕ್ಕು ಹಾಕಿ ಅಂಚಿಗೆ ಬಂದು ನಿಂತ. ಶಾಂತರಾಜು ಎಂದಿನಂತೆ ಹುಕ್ಕನ್ನು ಕೈಯಿಂದ ಮುಟ್ಟಿ, ಎರಡು ಸಲ ಜಗ್ಗಿ, ಸರಿಯಾಗಿದೆ ಎಂದು ಕೈಯೆತ್ತಿದ. ಅವನು ಕೈಯೆತ್ತದೆ ಯಾರೂ ನೆಗೆಯುವಂತಿಲ್ಲ, ಅದು ಕ್ವಾರಿಯಲ್ಲಿ ಕಲಿತ ಕಟ್ಟಳೆ.

ಆಚೆ ದಡದಲ್ಲಿ ಶಿವಮಲ್ಲು ಲೆನ್ಸಿಗೆ ಕಣ್ಣಿಟ್ಟ. ಮಂಜು ಆಗತಾನೇ ಹರಿಯುತ್ತಿತ್ತು. ಕಪ್ಪು ಬಂಡೆಯ ಮೇಲೆ ಬಿಸಿಲಿನ ಒಂದೇ ಒಂದು ಪಟ್ಟೆ, ಆ ಪಟ್ಟೆಯೊಳಗೆ ಕೆಂಪು ಜಾಕೆಟ್ಟು. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಂಥದ್ದೊಂದು ಚಿತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಒತ್ತಿದ ಮೇಲೆ ಅದು ಯಾರದಾಗುತ್ತದೆ? ಮಹದೇವನದು. ಸಂಜೆಗೆ ಮಧುಶ್ರೀಯ ಸ್ಟೇಟಸ್ಸು. ಶಿವಮಲ್ಲು ಲೆನ್ಸಿನಿಂದ ಕಣ್ಣು ತೆಗೆದ.

‘ಲೋ ಮಾದೇವ, ಜಾಕೆಟ್ ಬಿಚ್ಚಾಕ್ಲಾ’ ಎಂದು ಕೂಗಿದ. ಕ್ವಾರಿಯ ಗೋಡೆಗಳಿಗೆ ಬಡಿದು ಮಾತು ಸಲೀಸಾಗಿ ದಾಟುತ್ತದೆ. ‘ಕಲರ್ ಬತ್ತಾ ಇಲ್ಲ, ಚೆಂದ ಕಾಣಲ್ಲ.’

‘ಚಳಿ ಕಣ್ಲಾ.’

‘ಫೋಟೋ ಬೇಕಾ, ಬ್ಯಾಡ್ವಾ?’

ಫೋಟೋದ ವಿಷಯದಲ್ಲಿ ಮಹದೇವ ಇವನ ಮಾತನ್ನು ಎಂದೂ ಮೀರಿದವನಲ್ಲ. ಹಿಂದಕ್ಕೆ ಸರಿದು ಹುಕ್ಕು ಕಳಚಿದ, ಬೆಲ್ಟು ಬಿಚ್ಚಿದ, ಜಾಕೆಟ್ಟು ತೆಗೆದು ಬಂಡೆಯ ಮೇಲಿಟ್ಟ. ಬರೀ ಟೀ ಶರ್ಟಿನ ಮೇಲೆ ಅದೇ ಬೆಲ್ಟನ್ನು ಅದೇ ತೂತಿಗೆ ಸೇರಿಸಿಕೊಂಡು, ಚಳಿಗೆ ಮರಗಟ್ಟಿದ ಬೆರಳಲ್ಲಿ ಹುಕ್ಕು ಸಿಕ್ಕಿಸಿದ. ಶಾಂತರಾಜು ಆಗಲೇ ಜಗ್ಗಿ ನೋಡಿ ಆಗಿತ್ತಲ್ಲ, ಮತ್ತೆ ಜಗ್ಗಲಿಲ್ಲ. ಮದುವೆ ಮನೆಯಲ್ಲಿ ಫೋಟೋಕ್ಕಾಗಿ ಎರಡನೇ ಸಲ ಧಾರೆ ಎರೆಸಿದರೆ ಅಯ್ಯನವರು ಎರಡನೇ ಸಲ ಮಂತ್ರ ಹೇಳುತ್ತಾರೆಯೇ? ಹಾಗೆಯೇ ಇದು. ಸುಮ್ಮನೆ ಕೈಯೆತ್ತಿದ.

ಶಿವಮಲ್ಲು ಲೆನ್ಸಿನಲ್ಲಿ ನೋಡಿದ. ಜಾಕೆಟ್ಟಿನ ದಪ್ಪ ಹೋಗಿ ಬೆಲ್ಟು ಸಡಿಲಾಗಿ, ಪಕ್ಕಕ್ಕೆ ಜಾರಿತ್ತು. ಕ್ವಾರಿಯ ಬೆಲ್ಟಿನ ಬದಿಯಲ್ಲಿ ಸುತ್ತಿಗೆ ನೇತುಹಾಕಲು ಒಂದು ತೆಳು ಬಳೆ ಇರುತ್ತದೆ. ಹುಕ್ಕು ಹಾಕುವ ದಪ್ಪ ಬಳೆ ಇರಬೇಕಾದ ಜಾಗಕ್ಕೆ, ಹೊಟ್ಟೆಯ ಮುಂದಕ್ಕೆ, ಈಗ ಆ ತೆಳು ಬಳೆ ಬಂದಿತ್ತು. ಹಗ್ಗದ ಹುಕ್ಕು ಅದಕ್ಕೆ ಬಿದ್ದಿತ್ತು. ಸುತ್ತಿಗೆ ತಡೆಯುವ ಬಳೆ ಆಳನ್ನು ತಡೆಯುತ್ತದೆಯೇ? ಮಹದೇವ ಮಂಡಿ ಬಗ್ಗಿಸಿ, ನೆಗೆಯಲು ಕೈ ಹಿಂದಕ್ಕೆ ಬೀಸಿದ್ದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಅವನ ಮೇಲೆ ಇಲ್ಲದ ಪಾಪ ಹೊರಿಸುವುದು ಬೇಡ. ಶಿವಮಲ್ಲು ಅರೆಗಳಿಗೆಯೂ ತಡಮಾಡಲಿಲ್ಲ. ‘ಬೇಡ’ ಎನ್ನಬೇಕೋ ‘ನಿಲ್ಲು’ ಎನ್ನಬೇಕೋ ತಿಳಿಯದೆ, ಇಪ್ಪತ್ತು ವರ್ಷದಿಂದ ನಾಲಿಗೆಯ ಮೇಲಿದ್ದದ್ದೇ ಬಾಯಿಂದ ಬಂತು.

‘ಅಂಗೇ ಇರು!’

ಮಹದೇವ ಕಲ್ಲಾದ. ಬಗ್ಗಿದ ಮಂಡಿ ಬಗ್ಗಿದಂತೆ, ಬೀಸಿದ ಕೈ ಬೀಸಿದಂತೆ. ಗದ್ದ ಮಾತ್ರ ಮೇಲೆತ್ತಿ, ತನ್ನ ಮದುವೆಯ ದಿನ ಇದೇ ಶಿವಮಲ್ಲುವಿಗೆ ನಕ್ಕಂತೆಯೇ ಕ್ಯಾಮೆರಾ ಕಡೆಗೆ ನಕ್ಕ. ಆ ನಗು ಲೆನ್ಸಿನ ತುಂಬ ಬಂತು.

‘ಶಾಂತರಾಜು, ಅವನ್ ಬೆಲ್ಟು ಹಿಡ್ದು ಹಿಂದಕ್ ಎಳ್ಕಳ್ಲಾ. ಹುಕ್ಕು ಸುತ್ತಿಗೆ ಬಳೆಗೆ ಬಿದ್ದದ.’

ಎಳೆದುಕೊಂಡದ್ದಾಯಿತು. ನೋಡಿದ್ದೂ ಆಯಿತು. ಶಾಂತರಾಜು ಬಳೆಯನ್ನು ಎರಡು ಬೆರಳಲ್ಲಿ ತಿರುಚಿದ, ಅದು ಕಿತ್ತು ಕೈಗೆ ಬಂತು. ಆಮೇಲೆ ಯಾರೂ ನೆಗೆಯಲಿಲ್ಲ. ಟೆಂಪೋವನ್ನು ಶಾಂತರಾಜು ಓಡಿಸಿದ. ಮಹದೇವ ತೆರಕಣಾಂಬಿ ಬರುವವರೆಗೂ ಶಿವಮಲ್ಲುವಿನ ಕೈ ಹಿಡಿದುಕೊಂಡೇ ಕೂತಿದ್ದ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ. ಟೀ ಅಂಗಡಿಯಲ್ಲಿ ಜನ ಎದ್ದು ಜಾಗ ಕೊಟ್ಟರು. ಮಧುಶ್ರೀಯ ಸ್ಟೇಟಸ್ಸಿನಲ್ಲಿ ನಾಲ್ಕು ವರ್ಷದಲ್ಲಿ ಮೊದಲ ಸಲ ಶಿವಮಲ್ಲುವಿನ ಮುಖ. ‘ನಮ್ಮನೆಯವ್ರ ಕಣ್ಣು ಅಂದ್ರೆ ಕಣ್ಣು ಕಣಕ್ಕ, ಇಲ್ದಿದ್ರ ಮಾದೇವಣ್ಣ ಇವತ್ತು ಇರ್ತಿರ್ಲಿಲ್ಲ’ ಎಂದು ಅವಳು ಹೇಳುವುದು ಒಳಗೆ ಕೇಳಿಸುತ್ತಿತ್ತು. ನಾಲ್ಕು ವರ್ಷ ಹಂಬಲಿಸಿದ್ದು ಬಂದು ಮಡಿಲಿಗೆ ಬಿದ್ದಿತ್ತು. ಮುದ್ದೆ ಮಾತ್ರ ಅಂದೂ ಇಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಮಹದೇವ ಸ್ಟುಡಿಯೋಕ್ಕೆ ಬಂದ. ಕೈಯಲ್ಲೊಂದು ಬಟ್ಟೆ ಅಂಗಡಿಯ ಕವರು. ಅದರೊಳಗಿಂದ ಕೆಂಪು ಜಾಕೆಟ್ಟು ತೆಗೆದು ಮೇಜಿನ ಮೇಲಿಟ್ಟ.

‘ನಂಗಂತೂ ಇದು ಒಪ್ಪಲ್ಲ ಅಂತ ನೀನೇ ಅಂದೆ. ಮಂಜ್ನಲ್ಲಿ ಗಂಟೆಗಟ್ಲೆ ಕೂರೋನು ನೀನು, ಇಟ್ಕ. ಜೀವ ಉಳಿಸ್ದೋನ್ಗೆ ಇನ್ನೇನ್ ಕೊಡ್ಲಿ ನಾನು?’

ಶಿವಮಲ್ಲು ಜಾಕೆಟ್ಟನ್ನು ಮುಟ್ಟಲಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅದನ್ನು ಮೈಮೇಲೆ ಹಾಕಿಕೊಂಡು ಓಡಾಡುವುದು ಅವನಿಂದಾಗುತ್ತಿತ್ತೇ?

‘ನಿಂಗೆ ಭಾಳ ಚೆಂದಾಗಿತ್ತು ಕಣ್ಲಾ’ ಅಂದ. ‘ಅದ್ಕೇ ಬಿಚ್ಚು ಅಂದದ್ದು.’

ಮಹದೇವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಇಳಿಯಿತು. ಹೊರಗೆ ಗುಂಡ್ಲುಪೇಟೆಯ ಬಸ್ಸು ಬಂದು, ಜನ ಹತ್ತಿ, ಹೋಗುವುದನ್ನು ಅವನು ಬಾಗಿಲ ಕಡೆ ತಿರುಗಿ ನೋಡುತ್ತ ನಿಂತ. ಬೈದಿದ್ದರೆ, ಕಪಾಳಕ್ಕೆ ಒಂದು ಬಿಟ್ಟಿದ್ದರೆ ಶಿವಮಲ್ಲುವಿಗೆ ಹಗುರಾಗುತ್ತಿತ್ತು.

ಕೊನೆಗೆ ಮಹದೇವ ಜಾಕೆಟ್ಟನ್ನು ತಾನೇ ಎತ್ತಿ ಹಾಕಿಕೊಂಡ. ಜಿಪ್ಪನ್ನು ಕುತ್ತಿಗೆಯವರೆಗೂ ಎಳೆದು, ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತ.

‘ತಗೀ’ ಅಂದ.

ಶಿವಮಲ್ಲು ಕ್ಯಾಮೆರಾ ಎತ್ತಿದ. ಅಭ್ಯಾಸದ ‘ಅಂಗೇ ಇರು’ ಈ ಸಲ ಬರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮಹದೇವ ಕಲ್ಲಿನ ಹಾಗೆ ಕೂತಿದ್ದ. ಗದ್ದ ಎತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಕೆಂಪು ಅವನಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಶಿವಮಲ್ಲು ಗುಂಡಿ ಒತ್ತಿದ.