ಚಾಡಿ ಹೇಳುವ ಮೊಣಕಾಲು

ಹರಿಣಾಕ್ಷಿ ಕಮಲಕ್ಕನನ್ನು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಕುಂದಾಪುರದ ಕೃತಕ ಕಾಲಿನ ಕೇಂದ್ರದಲ್ಲಿ. ಕಾಲು ಕಳೆದುಕೊಂಡವರಿಗೆ ನಡಿಗೆ ಕಲಿಸುವುದು ಹರಿಣಾಕ್ಷಿಯ ಕೆಲಸ. ಬೆಂಗಳೂರಿನಲ್ಲಿ ಐದು ದಿನದ ತರಬೇತಿ ಪಡೆದು, ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಆ ದಿನ ಹೊಸ ಕಾಲನ್ನು ಮೇಜಿನ ಮೇಲೆ ಮಲಗಿಸಿಕೊಂಡು, ಮದುವೆಗೆ ಬಂದ ಹುಡುಗನನ್ನು ಹೊಗಳುವ ಹಾಗೆ ಹೊಗಳುತ್ತಿದ್ದಳು. ಮೊಣಕಾಲಿನೊಳಗೆ ಪುಟ್ಟ ಕಂಪ್ಯೂಟರ್ ಇದೆ, ಸೆಕೆಂಡಿಗೆ ನೂರು ಸಲ ಯೋಚಿಸುತ್ತದೆ, ಎಲ್ಲಿ ಮಡಚಬೇಕು, ಎಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬುದು ಅದಕ್ಕೇ ಗೊತ್ತು, ಎಡವಿದರೆ ಬೀಳಗೊಡುವುದಿಲ್ಲ, ದಿನಕ್ಕೊಮ್ಮೆ ಚಾರ್ಜಿಗೆ ಹಾಕಿದರಾಯಿತು.

ಗಾಲಿಕುರ್ಚಿಯಲ್ಲಿದ್ದ ಕಮಲಕ್ಕ ಎಲ್ಲವನ್ನೂ ಕೇಳಿದಳು. ಆಮೇಲೆ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಆ ಮೊಣಕಾಲಿನ ಮುಚ್ಚಳವನ್ನು ಉಗುರಿನಿಂದ ಎತ್ತಿ ನೋಡಿದಳು.

"ಸೆಕೆಂಡಿಗೆ ನೂರ್ ಸಲ ಯೋಚ್ನೆ ಮಾಡತ್ತಾ? ನಮ್ಮನಿ ಗಂಡ್ಸ್ರ್ ಜಲ್ಮಕ್ಕೇ ಅಷ್ಟ್ ಸಲ ಯೋಚ್ನೆ ಮಾಡ್ಲಿಲ್ಲ. ಹ್ವಾಯ್ ಹೆಣ್ಣೆ, ಚಾರ್ಜ್ ಅಂದ್ರೆ ಇದ್ಕೂ ಊಟ ಹಾಕ್ಕಾ?"

ಕಮಲಕ್ಕ ಬೈಂದೂರಿನವಳು. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಪಕ್ಕದ ಯಡ್ತರೆಯ ಮನೆಮನೆಗೆ ಬಂಗುಡೆ, ಬೈಗೆ, ಚಟ್ಲಿ ಮೀನು ಮಾರಿದವಳು. ಎರಡು ವರ್ಷದ ಹಿಂದೆ, ಹೆದ್ದಾರಿಯನ್ನು ತನ್ನ ಅಪ್ಪನ ಗದ್ದೆಯೆಂದು ತಿಳಿದ ಲಾರಿಯವನೊಬ್ಬ ಅವಳ ಬಲಗಾಲನ್ನು ತೊಡೆಯ ನಡುವಿನಿಂದಲೇ ಮುಗಿಸಿಬಿಟ್ಟ. ಮಗ ರತನ್ ಬಹಳ ಒಳ್ಳೆಯವನು. "ನೀನ್ ಇನ್ನ್ ಆರಾಮ್ ಕೂಕೋ ಅಬ್ಬಿ" ಎಂದು ಟಿವಿಯ ಎದುರು ಒಂದು ಕುರ್ಚಿ ಹಾಕಿಕೊಟ್ಟ. ಆ ಆರಾಮದಿಂದ ಕಮಲಕ್ಕನಿಗೆ ಸಾಯುವಷ್ಟು ಬೇಸರವಾಯಿತು. ಮತ್ತೆ ಬುಟ್ಟಿ ಹೊತ್ತು ಮನೆಮನೆಗೆ ಹೋಗಬೇಕು, ಬೇರೇನೂ ಬೇಡ ಎಂಬುದು ಅವಳ ಒಂದೇ ಹಟ.

ಮೊಣಕಾಲು ಕೊಟ್ಟದ್ದು ಮಂಗಳೂರಿನ ಒಂದು ದತ್ತಿಸಂಸ್ಥೆ. ಒಂದೂವರೆ ತಿಂಗಳ ಪರೀಕ್ಷೆ. ಗೆದ್ದರೆ ಕಾಲು ಅವಳದ್ದು, ಸೋತರೆ ಪಟ್ಟಿಯಲ್ಲಿ ಮುಂದಿನವರದ್ದು. ಗೆದ್ದರೋ ಸೋತರೋ ಎಂದು ಹೇಳುವುದು ಮತ್ತಾರೂ ಅಲ್ಲ, ಆ ಮೊಣಕಾಲೇ. ಎಷ್ಟು ಹೆಜ್ಜೆ ನಡೆದರು, ಎಷ್ಟು ಸಲ ಎಡವಿದರು ಎಂದು ಅದು ಮೊಬೈಲಿಗೆ ವರದಿ ಕಳಿಸುತ್ತಿತ್ತು. ಈ ವರದಿಯ ಸಂಗತಿಯನ್ನು ಹರಿಣಾಕ್ಷಿ ಕಮಲಕ್ಕನಿಗೆ ಹೇಳಲು ಮರೆತಳು. ಐದು ದಿನದ ತರಬೇತಿಯಲ್ಲಿ ಎಲ್ಲವೂ ನೆನಪಿರಲು ಸಾಧ್ಯವೆ?

ತರಬೇತಿ ಪುಸ್ತಕದಲ್ಲಿ ಬೂಟು ತೊಟ್ಟ ಕಾಲಿನ ಚಿತ್ರವಿತ್ತು. ಆದ್ದರಿಂದ ಕಮಲಕ್ಕನಿಗೂ ಎತ್ತರದ ಹಿಮ್ಮಡಿಯ ಕರಿ ಬೂಟು ಬಂತು.

"ನಾನ್ ಬೂಟ್ ಹಾಕಂಡ್ ಬಂದ್ರೆ, ಪೊಲೀಸ್ ಬಂದ್ರ್ ಅಂದ್ಕಂಡ್ ಬುಟ್ಟಿ ಮೀನೇ ಓಡಿ ಹೋತ್ತ್," ಎಂದಳು ಕಮಲಕ್ಕ.

"ಪುಸ್ತಕದಗೆ ಹಾಂಗೇ ಇತ್ತ್ ಕಮಲಕ್ಕ," ಎಂದಳು ಹರಿಣಾಕ್ಷಿ. ಪುಸ್ತಕದ ಮಾತಿಗೆ ಎದುರುಂಟೆ?

ಮೂರು ವಾರ ಪಾಠ ನಡೆಯಿತು. "ಹಿಮ್ಮಡಿ ಊರಿ, ಭಾರ ಹಾಕಿ, ಮೊಣಕಾಲನ್ನ ನಂಬಿ" ಎಂದು ಹರಿಣಾಕ್ಷಿ ಕೂಗುವುದು, "ನಂಬಿಯೇ ಮದಿ ಆದದ್ದ್, ಎಂತ ಸುಖ ಕಂಡೆ?" ಎಂದು ಗೊಣಗುತ್ತ ಕಮಲಕ್ಕ ಹೆಜ್ಜೆ ಇಡುವುದು. ಕೊನೆಗೆ ಇಳಿಜಾರು ಇಳಿದಳು, ಮೆಟ್ಟಿಲು ಇಳಿದಳು, ನೀರು ತುಂಬಿದ ಬುಟ್ಟಿ ಹೊತ್ತು ಕೇಂದ್ರದ ಸುತ್ತ ಮೂರು ಸುತ್ತು ಬಂದಳು. ಒಂದು ಸಲವೂ ಎಡವಲಿಲ್ಲ. ಹರಿಣಾಕ್ಷಿ ವಿಡಿಯೋ ಮಾಡಿ, ತನ್ನ ಐದು ದಿನದ ಗುರುಗಳಿಗೆಲ್ಲ ಕಳಿಸಿದಳು.

ಕಮಲಕ್ಕ ಮಾರಾಟ ಶುರುಮಾಡಿ ಒಂದು ವಾರವಾಗಿತ್ತು. ಸಂಸ್ಥೆಯ ನಿತೇಶ್ ಮಂಗಳೂರಿನಿಂದ ಫೋನ್ ಮಾಡಿದ. ಅವನು ಕಮಲಕ್ಕನನ್ನು ಕಣ್ಣಾರೆ ಕಂಡವನಲ್ಲ. ಅವಳ ಗ್ರಾಫನ್ನು ಮಾತ್ರ ದಿನವೂ ಭಕ್ತಿಯಿಂದ ನೋಡುತ್ತಿದ್ದ.

"ಮೇಡಂ, ಒಂದೇ ವಾರದಲ್ಲಿ ತೊಂಬತ್ತು ಸಲ ಎಡವಿದ್ದಾರೆ. ಅವರಿಗೆ ಈ ಮೊಣಕಾಲು ಹೊಂದುವುದಿಲ್ಲ ಅನಿಸುತ್ತದೆ. ಮುಂದಿನ ಗುರುವಾರ ಬರುತ್ತೇನೆ. ಆಗಲೂ ಹೀಗೇ ಇದ್ದರೆ ತೆಗೆದುಕೊಂಡು ಹೋಗುತ್ತೇನೆ."

ಹರಿಣಾಕ್ಷಿ ಕೂಡಲೆ ಕಮಲಕ್ಕನಿಗೆ ಫೋನ್ ಹಚ್ಚಿದಳು. "ಎಡವತ್ರ್ಯಾ ಕಮಲಕ್ಕ?"

"ಯಾರ್ ಹೇಳದ್ದ್?"

"ನಿಮ್ ಕಾಲೇ ಹೇಳ್ತ್. ಅದ್ ಮೊಬೈಲಿಗೆ ಎಲ್ಲಾ ಕಳಿಸತ್ತ್."

"ಅಯ್ಯೋ ದ್ರೋಹಿ! ನಮ್ಮನಿ ಕರೆಂಟ್ ತಿಂದ್ಕಂಡ್ ಊರಿಗೆಲ್ಲ ಚಾಡಿ ಹೇಳತ್ತಾ ಇದ್?" ಆಮೇಲೆ ದನಿ ತಗ್ಗಿತು. "ಹೇಳಿರೆ ಕಾಲ್ ವಾಪಸ್ ತಕಂಡ್ ಹೋತ್ರಿ ಅಂದೇಳಿ ಹೇಳ್ಲಿಲ್ಲ ಹೆಣ್ಣೆ."

ಹರಿಣಾಕ್ಷಿ ಗ್ರಾಫನ್ನು ಬಿಡಿಸಿ ನೋಡಿದಳು. ಎಡವಿದ್ದೆಲ್ಲ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ. ಹೆಚ್ಚಿನ ಮನೆಗಳಲ್ಲಿ ಮೀನು ಮುಟ್ಟದ ಸೋಮವಾರ, ಒಂದೂ ಇಲ್ಲ. ಮರುದಿನ ಬ್ರಹ್ಮಾವರದ ತನ್ನ ಮನೆಯಿಂದ ನಸುಕಿನ ಬಸ್ಸು ಹಿಡಿದು ಬೈಂದೂರಿನಲ್ಲಿ ಇಳಿದು, ಕಮಲಕ್ಕನ ಹಿಂದೆಯೇ ನಡೆದಳು.

ರಸ್ತೆಯ ಮೇಲೆ ಕಮಲಕ್ಕ ದಿಬ್ಬಣದ ಮುಂದಾಳುವಿನಂತೆ ನಡೆಯುತ್ತಿದ್ದಳು. ಮೊದಲ ಮನೆ ಭೋಜರಾಜ ಶೆಟ್ಟರದ್ದು. ಗೇಟಿನ ಬಳಿ ಅವಳು ಬುಟ್ಟಿಯನ್ನು ಪಾಗಾರದ ಗೋಡೆಯ ಮೇಲಿಟ್ಟಳು. ಕಟ್ಟೆಯ ಮೇಲೆ ಕುಳಿತು ಎರಡೂ ಬೂಟು ಬಿಚ್ಚಿ, ಜೋಡಿಸಿಟ್ಟು, ಬುಟ್ಟಿ ಹೊತ್ತು ಅಂಗಳಕ್ಕೆ ಕಾಲಿಟ್ಟಳು. ಮೂರನೆಯ ಹೆಜ್ಜೆಗೆ ಕೃತಕ ಕಾಲಿನ ಬೆರಳು ನೆಲಕ್ಕೆ ತಾಗಿ ಮುಗ್ಗರಿಸಿದಳು. ಮೊಣಕಾಲು ಗಟ್ಟಿಯಾಗಿ ತಡೆಯಿತು. ಹರಿಣಾಕ್ಷಿಯ ಕೈಯಲ್ಲಿದ್ದ ಮೊಬೈಲಿಗೆ ಚಾಡಿ ತಲುಪಿತು.

ಬೂಟಿನ ಹಿಮ್ಮಡಿಯ ಎತ್ತರಕ್ಕೆ ಕೂಡಿಸಿದ ಕಾಲು ಅದು. ಬೂಟು ಕಳಚಿದೊಡನೆ ಹಿಂದಕ್ಕೆ ವಾಲುತ್ತದೆ, ಸರಿಯಾದ ಹೊತ್ತಿಗೆ ಮಡಚುವುದಿಲ್ಲ. ಸೆಕೆಂಡಿಗೆ ನೂರು ಸಲ ಯೋಚಿಸುವ ಕಂಪ್ಯೂಟರಿಗೆ ಅಂಗಳವೆಂದರೇನೆಂದು ಒಂದು ಸಲವೂ ಹೊಳೆದಿರಲಿಲ್ಲ. ಹೊಳೆಯಬೇಕಾದವಳು ಹರಿಣಾಕ್ಷಿ. ಅವಳೂ ದಿನಾ ಚಪ್ಪಲಿ ಕಳಚಿಯೇ ಅಂಗಳಕ್ಕೆ ಇಳಿಯುವವಳು.

"ಬೂಟ್ ಎಂತಕ್ಕೆ ತೆಗೀತ್ರಿ?" ಎಂದು ಕೇಳಿದಳು.

"ಮತ್ತೆಂತ, ತುಳಸಿಕಟ್ಟಿ ಇಪ್ಪ ಅಂಗ್ಳಕ್ಕೆ ಬೂಟ್ ಹಾಕಂಡ್ ಹೋಪುದಾ? ಕಾಲ್ ಹೋಯ್ತ್, ಮರ್ಯಾದಿ ಹೋಯ್ಲಿಲ್ಲ."

ಜಗಲಿಯಲ್ಲಿದ್ದ ಭೋಜರಾಜ ಶೆಟ್ಟರು ಉದಾರವಾಗಿ ತೀರ್ಪು ಕೊಟ್ಟರು. "ಮೆಷಿನ್ ಕಾಲಿಗೆ ಎಂತ ಮೈಲಿಗೆ ಮಾರಾಯ್ತಿ? ಬೂಟ್ ಹಾಕಂಡೇ ಬಾ."

ಒಳಗಿನಿಂದ ಅವರ ಹೆಂಡತಿ ಶ್ರೀಲತಮ್ಮನ ದನಿ ಬಂತು. "ಒಂದ್ ಕಾಲ್ ಮೆಷಿನ್ ಆಯ್ತ್. ಇನ್ನೊಂದ್ ಕಾಲಿನ ಬೂಟ್?"

"ಅಮ್ಮ ಹೇಳದ್ದ್ ಸಮ," ಎಂದಳು ಕಮಲಕ್ಕ.

"ನೀವ್ ಬರಿಗಾಲಗೆ ನಡೂದ್ ಅಂತ ನಂಗೆ ಹೇಳ್ಕಲ್ದಾ?" ಎಂದು ಹರಿಣಾಕ್ಷಿ ಸಣ್ಣ ದನಿಯಲ್ಲಿ ಕೇಳಿದಳು.

"ನೀನ್ ಕೇಳ್ಲಿಲ್ಲ. ಪುಸ್ತಕದಗೆ ಇತ್ತ್ ಅಂದಿ."

ಅದೇ ದಿನ ಕೇಂದ್ರದಲ್ಲಿ ಪಾದದ ಮೇಲಿನ ಸ್ಕ್ರೂ ಸಡಿಲಿಸಿ, ಬರಿಗಾಲಿಗೆ ತಕ್ಕಂತೆ ಕಾಲನ್ನು ಮತ್ತೆ ಕೂಡಿಸಲಾಯಿತು. ಅಂಗಳದ ಪಾಚಿಯ ಮೇಲೆ ಜಾರದಂತೆ ಅಂಗಾಲಿಗೆ ತೆಳ್ಳನೆಯ ರಬ್ಬರ್ ಅಂಟಿಸಿದರು. ಪಾಠ ಪುನಃ ಮೊದಲಿನಿಂದ, ಈ ಸಲ ಕೇಂದ್ರದಲ್ಲಲ್ಲ, ಯಡ್ತರೆಯ ಅಂಗಳಗಳಲ್ಲಿ. ಮೊದಲ ದಿನ ಎಂಟು ಎಡವು, ಮರುದಿನ ಮೂರು. ಆಮೇಲೆ ಚಾಡಿ ಹೇಳಲು ಮೊಣಕಾಲಿಗೆ ಸುದ್ದಿಯೇ ಸಿಗಲಿಲ್ಲ.

ಗುರುವಾರ ಹೊಳೆಯುವ ಬೂಟು ತೊಟ್ಟು ನಿತೇಶ್ ಬಂದ. ಪರೀಕ್ಷೆ ಕೇಂದ್ರದಲ್ಲೇ ಆಗಲಿ ಎಂದ. ಹರಿಣಾಕ್ಷಿ ಬಿಡದೆ ಅವನನ್ನು ಶೆಟ್ಟರ ಗೇಟಿಗೇ ಕರೆದೊಯ್ದಳು. "ಹ್ವಾಯ್ ಸಾರ್, ಬೂಟ್ ಅಲ್ಲೇ ತೆಗೀನಿ," ಎಂದು ಕಮಲಕ್ಕ ಬುಟ್ಟಿ ಹೊತ್ತು ಮುಂದೆ ನಡೆದಳು. ನಿತೇಶ್ ಬೂಟು ಕಳಚಿ, ಕಣ್ಣನ್ನು ಮೊಬೈಲಿನ ಗ್ರಾಫಿನಲ್ಲಿ ನೆಟ್ಟು ಹಿಂಬಾಲಿಸಿದ. ಅವಳು ಜಗಲಿ ಮುಟ್ಟಿ ಬುಟ್ಟಿ ಇಳಿಸಿ ತಿರುಗಿ ನೋಡುವಾಗ, ಅವನು ಪಾಚಿಯ ಮೇಲೆ ಜಾರಿ ತುಳಸಿಕಟ್ಟೆಯನ್ನು ತಬ್ಬಿ ನಿಂತಿದ್ದ. ಅವನ ಪುಣ್ಯಕ್ಕೆ, ಅದನ್ನು ಬರೆದುಕೊಳ್ಳುವ ಕಂಪ್ಯೂಟರ್ ಅವನ ಮೊಣಕಾಲಿನಲ್ಲಿ ಇರಲಿಲ್ಲ.

"ಮೊದ್ಲ್ ಮೊದ್ಲ್ ಹಾಂಗೇ ಸಾರ್," ಎಂದಳು ಕಮಲಕ್ಕ. "ಹಿಮ್ಮಡಿ ಊರಿ, ನಂಬಿ ನಡೀನಿ."

ಅಲ್ಲೇ ಜಗಲಿಯಲ್ಲಿ ಕುಳಿತು ನಿತೇಶ್ ಕಾಗದಕ್ಕೆ ಸಹಿ ಹಾಕಿದ.

ಈಗ ಕಮಲಕ್ಕ ವಾರದಲ್ಲಿ ಆರು ದಿನ ಬರಿಗಾಲಿನಲ್ಲಿ ಯಡ್ತರೆಯ ಅಂಗಳಗಳನ್ನು ಸುತ್ತುತ್ತಾಳೆ. ಮೊಣಕಾಲಿಗೆ ಮೀನಿನ ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತಾಳೆ. ಸೋಮವಾರ ಕುಂದಾಪುರದ ಬಸ್ಸು ಹತ್ತಿ ಕೇಂದ್ರಕ್ಕೆ ಬಂದು, ಯಾರೂ ಕರೆಯದಿದ್ದರೂ, ಹೊಸಬರ ಎದುರು ಕುಳಿತುಕೊಳ್ಳುತ್ತಾಳೆ. ಮೊನ್ನೆ ಶಿರೂರಿನ ಗುಡ್ಡ ಎಂಬ ದೋಣಿಯವ ಬಂದಿದ್ದ. ಹರಿಣಾಕ್ಷಿ ಅಳತೆಯ ಟೇಪು ಬಿಚ್ಚುವ ಮೊದಲೇ ಕಮಲಕ್ಕ ಕೇಳಿದಳು.

"ದೋಣಿಯಗೆ ಕಾಲಿಗೆ ಎಂತ ಹಾಕಂತೆ?"

"ಎಂತದೂ ಇಲ್ಲ."

"ಬರ್ಕೋ ಹೆಣ್ಣೆ," ಎಂದಳು ಕಮಲಕ್ಕ. ಗೋಡೆಯ ಮೇಲಿನ ಪ್ರಮಾಣಪತ್ರದ ಕೆಳಗೆ ಕುಳಿತು ಹರಿಣಾಕ್ಷಿ ಬರೆದುಕೊಂಡಳು.