ರೂಟರ್ ಮಾವ
ಕಟ್ಟಡದವರಿಗೆಲ್ಲ ಅವರು ರೂಟರ್ ಮಾವ. ಅಂಗಡಿಯವನು ಬೇಡವೆಂದರೂ ತಾವೇ ಆರಿಸಿ ತಂದ ಆ ಕಪ್ಪು ವೈಫೈ ಪೆಟ್ಟಿಗೆಯನ್ನು ಎಳೆಗೂಸಿನಂತೆ ಎತ್ತಿಕೊಂಡು ಒಮ್ಮೆ ಕಪಾಟಿನ ಮೇಲೆ, ಒಮ್ಮೆ ಕಿಟಕಿಯಲ್ಲಿ ಕೂರಿಸಿ ನೋಡುವರು. ಕೋಣೆಯ ಬಾಗಿಲು ಹಾಕಿದರೆ, "ಸಿಗ್ನಲ್‌ಗೆ ಉಸಿರು ಕಟ್ಟುತ್ತೆ ಕಣೇ!" ಎಂದು ಹೆಂಡತಿಯ ಮೇಲೆ ಹರಿಹಾಯುವರು. ಆ ಮಾದರಿಗೆ ಇನ್ನು ಅಪ್‌ಡೇಟ್ ಇಲ್ಲವೆಂದು ಕಂಪನಿಯವರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರೂ ಮನೆಯಲ್ಲಿ ಮಾತ್ರ, "ಮುಂದಿನ ಅಪ್‌ಡೇಟ್ ಬರ್ಲಿ, ಆಮೇಲೆ ನೋಡಿ ಇದರ ಗತ್ತು!" ಎನ್ನುವರು. "ಅಷ್ಟರಲ್ಲಿ ನಮ್ಮ ಕೂದಲು ಹಣ್ಣಾಗಿರುತ್ತೆ" ಎಂದು ಹೆಂಡತಿ ಗೊಣಗುವಳು. ಒಂದು ಸಂಜೆ ಹೊರಬಂದವರಿಗೆ, ಇಸ್ತ್ರಿಯ ಅಂಗಿ ತೊಟ್ಟ ಮಗಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಮೇಲಿನ ಮನೆಯವರ ವೈಫೈ ಹಿಡಿದು, ಕೆಲಸದ ಸಂದರ್ಶನಕ್ಕಾಗಿ ಮೆಟ್ಟಿಲ ಮೇಲೆ ಕಾಯುತ್ತಿದ್ದದ್ದು ಕಂಡಿತು. "ಬೇಜಾರು ಮಾಡ್ಕೋಬೇಡಿ ಅಪ್ಪ, ಒಳಗೆ ಮಾತು ಅರ್ಧಕ್ಕೇ ನಿಂತುಹೋಗುತ್ತೆ." "ನಮ್ಮನೇಲಿ ಇಲ್ಲದ್ದು ಇಲ್ಲೇನಿದೆ?" ಎಂದು ಅವರು ಗದರುತ್ತಿದ್ದಂತೆಯೇ ಜೇಬಿನ ಫೋನು ಮೇಲಿನ ಮನೆಯ ವೈಫೈಗೆ ತಾನಾಗಿ ಸೇರಿಕೊಂಡು, ಬಾಕಿ ಉಳಿದಿದ್ದ ಸಂದೇಶಗಳನ್ನೆಲ್ಲ ಟಣಟಣ ಸುರಿಯಿತು. ಹಿಂದೊಮ್ಮೆ ಅವರೇ ಆ ಮನೆಯವರನ್ನು ಗುಟ್ಟಾಗಿ ಕೇಳಿ ಪಡೆದಿದ್ದ ಪಾಸ್‌ವರ್ಡನ್ನು ಅದು ಮರೆತಿರಲಿಲ್ಲ. "ಅಪ್ಪ, ನೀವೂನಾ?" ರೂಟರ್ ಮಾವ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದು, ತಲೆತಗ್ಗಿಸಿ ನಾಲ್ಕು ಮೆಟ್ಟಿಲಿಳಿದು, ಯಾರೂ ಮೇಲೆ ಬಂದು ಅವಳಿಗೆ ಅಡ್ಡಿಯಾಗದಂತೆ ಕಾವಲು ನಿಂತರು.