ಹನ್ನೊಂದು ತಾಟು

ಚಿನ್ನೂ, ಪುಟ್ಯಾ,

ನಿಮ್ಮ ಆಯಿ ನಾಲ್ಕು ಜನರ ಮುಂದೆ ಬಾಯಿ ತೆರೆಯುವವಳಲ್ಲ ಎಂದು ನೀವು ನಗುತ್ತೀರಿ. ಇಲ್ಲಿ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಆಟೋದವನಿಗೆ ಜೇವರ್ಗಿ ಕಾಲೋನಿ ಎನ್ನಲಿಕ್ಕೂ ನಿಮ್ಮನ್ನೇ ಮುಂದೆ ಮಾಡುತ್ತೇನೆ, ನಿಜ. ಆದರೆ ಒಮ್ಮೆ ಮಾತಾಡಿದ್ದೇನೆ, ಅದೂ ಶಾಸಕರ ಎದುರಿಗೆ. ನಿಮ್ಮನ್ನು ಕೂರಿಸಿಕೊಂಡು ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಗಂಡ, ಅಂದರೆ ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ, ಕಮಲಾಪುರದ ಹತ್ತಿರ ಇರುವ ನಮ್ಮೂರ ಸರ್ಕಾರಿ ಶಾಲೆಯಲ್ಲಿ ನನಗೆ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ಮೊದಮೊದಲು ದೊಡ್ಡ ಪಾತ್ರೆಯಲ್ಲೇ ಅನ್ನ ಮಾಡುತ್ತಿದ್ದೆ. ಆಮೇಲೆ ಕಮಲಾಪುರದ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಊರೊಳಗೆ ಬರತೊಡಗಿತು. ಅನುಕೂಲ ಇದ್ದವರು ಮಕ್ಕಳನ್ನು ಅದರಲ್ಲಿ ಹತ್ತಿಸಿದರು. ಕೊನೆಗೆ ಉಳಿದವರು ಹನ್ನೊಂದು ಮಕ್ಕಳು, ಎಲ್ಲರೂ ಬಾಳೆತೋಟಕ್ಕೆ ಕೂಲಿ ಹೋಗುವ ಹೆಂಗಸರ ಮಕ್ಕಳು. ಅವರಲ್ಲಿ ಒಂದನೇ ತರಗತಿಯ ಒಬ್ಬ ಹುಡುಗಿ ತನ್ನ ಊಟದ ತಾಟನ್ನು ತಾನೇ ತೊಳೆಯಬೇಕು ಎನ್ನುವವಳು. ನಾನು ತೊಳೆದರೆ ಹಟದಿಂದ ಕಸಿದುಕೊಂಡು ಮತ್ತೊಮ್ಮೆ ತೊಳೆಯುತ್ತಿದ್ದಳು.

ಆ ವರ್ಷ ಒಂದು ಸುದ್ದಿ ಬಂತು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಮುಚ್ಚಿ ಕಮಲಾಪುರದ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ, ಬಜೆಟ್‌ನಲ್ಲಿ ನಮ್ಮ ಕಡೆಗೆ ಏನು ಬಂತು, ಶಾಲೆಯ ಗತಿ ಏನು ಎಂದು ಹೇಳಲು ಶಾಸಕರೇ ಊರಿಗೆ ಬರುತ್ತಾರಂತೆ. ಪಂಚಾಯಿತಿ ಮೆಂಬರು ಕಟ್ಟೆಯ ಮೇಲೆ ಕುಳಿತು ಒಂದು ಉಪಾಯ ಹೇಳಿದ.

"ಸಾಹೇಬ್ರು ಬರೋ ದಿನ ವ್ಯಾನಿನ ಪೋರಗೋಳ್ನ ಇಲ್ಲೇ ಕೂಡಸ್ರಿ. ಸಾಲಿ ತುಂಬಿದ್ದು ಕಂಡ್ರ ಯಾರು ಮುಚ್ಚತಾರ?"

ಎಲ್ಲರಿಗೂ ಹಿಡಿಸಿತು. ನನಗೂ ಹಿಡಿಸಿತು, ಸುಳ್ಳು ಯಾಕೆ ಹೇಳಲಿ? ಶಾಲೆ ಉಳಿದರೆ ನನ್ನ ಒಲೆಯೂ ಉಳಿಯುತ್ತದೆ. ಕಲಬುರಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಟೀಚರ್ ಒಬ್ಬರೇ ಅಡುಗೆ ಕೋಣೆಗೆ ಬಂದು ಮೆಲ್ಲಗೆ ಅಂದರು: "ಹಾಜರಿ ಪುಸ್ತಕದಾಗ ಹನ್ನೊಂದೇ ಹೆಸ್ರು ಅದಾವ. ಒಂದಿನದ ಸೋಗಿಗೆ ಏನಾಗ್ತದ? ಮೇಲಿನವ್ರು ಪುಸ್ತಕ ನೋಡೇ ಮುಚ್ಚತಾರ. ನಾ ನೌಕರಿ ಮಾಡಾಕಿ, ನನ್ನ ಹೆಸ್ರು ಎಲ್ಲೂ ತರಬ್ಯಾಡ ಯವ್ವಾ."

ಆ ದಿನ ಶಾಲೆಯ ಅಂಗಳಕ್ಕೆ ಶಾಮಿಯಾನ ಬಂತು. ಶಾಸಕರಿಗೆ ಶಾಲು ಹೊದಿಸಿ, ಕೆಂಪು ಬಾಳೆಯ ಗೊನೆಯೊಂದನ್ನೇ ಮುಂದಿಟ್ಟರು. ಅವರು ಮಕ್ಕಳ ಕಡೆ ತಿರುಗಿದ್ದೇ ತಡ, ವ್ಯಾನಿನ ಮಕ್ಕಳು ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದು ರಾಗ ಎಳೆದರು. ಹಿಂದಿನ ಸಾಲಿನ ನಮ್ಮ ಹನ್ನೊಂದು ಮಕ್ಕಳ "ನಮಸ್ತೇ ಸರ್" ತಡವಾಗಿ ಕೇಳಿತು. ಜನ ಕಿಸಕ್ಕನೆ ನಕ್ಕರು.

"ನಮ್ಮ ಸಾಲ್ಯಾಗ ಇಂಗ್ಲಿಷೂ ಕಲಸ್ತಾರ್ರಿ ಸಾಹೇಬ್ರ," ಎಂದ ಮೆಂಬರು.

ಶಾಸಕರು ಮೈಕು ಹಿಡಿದು ಸಮಾಧಾನದಿಂದ ಮಾತಾಡಿದರು. ಕಮಲಾಪುರದ ಶಾಲೆಗೆ ಹೊಸ ಕೋಣೆಗಳು ಬಂದಿವೆ ಎಂದರು. ರಸ್ತೆಗೆ ಕೇಳಿದಷ್ಟು ಸಿಗಲಿಲ್ಲ ಎಂದೂ ಮುಚ್ಚಿಡದೆ ಹೇಳಿದರು. ಕೊನೆಗೆ ಶಾಲೆಯ ಮಾತಿಗೆ ಬಂದರು.

"ಪೋರಗೋಳ್ನ ಕಮಲಾಪುರಕ್ಕ ಒಯ್ಯಾಕ ಒಂದೇ ಗಾಡಿ ಸಿಕ್ಕದ. ನಿಮ್ಮೂರಿಗಿ ಕೊಡ್ಲೋ, ಬಾಜೂ ಊರಿಗಿ ಕೊಡ್ಲೋ ಅಂತ ಬಂದಿದ್ದೆ. ಇಲ್ಲಿ ನೋಡಿದ್ರ ಸಾಲಿ ತುಂಬಿ ತುಳುಕಾಕತ್ತದ. ಇದನ್ನ ಮುಚ್ಚಬ್ಯಾಡ್ರಿ ಅಂತ ಬರೀತೀನಿ. ಗಾಡಿ ಅವ್ರಿಗೇ ಇರ್ಲಿ."

ಚಪ್ಪಾಳೆಯೋ ಚಪ್ಪಾಳೆ. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ನಾನೂ ಕೈ ಎತ್ತಿದ್ದೆ. ಟೀಚರ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ಆಗ ನನಗೆ ಹೊಳೆಯಿತು. ಜೂನ್ ತಿಂಗಳಲ್ಲಿ ಪುಸ್ತಕ ನೋಡಿ ಶಾಲೆ ಮುಚ್ಚುತ್ತಾರೆ, ಅಷ್ಟರಲ್ಲಿ ಗಾಡಿ ಬೇರೆ ಊರಿನ ಪಾಲಾಗಿರುತ್ತದೆ. ಲಾರಿಗಳು ಓಡುವ ಹುಮನಾಬಾದ್ ರಸ್ತೆಯನ್ನು ಈ ಮಕ್ಕಳು ದಾಟುವುದು ಹೇಗೆ? ತಾಯಂದಿರು ನಸುಕಿನಲ್ಲೇ ತೋಟ ಸೇರಿರುತ್ತಾರೆ.

ಬಾಳೆಹಣ್ಣು ತಿಂದ ಶಾಸಕರು ಕೈ ತೊಳೆಯಲು ಅಡುಗೆ ಕೋಣೆಯ ಕಡೆಗೇ ಬಂದರು. ನಾನು ಸೆರಗು ಎಳೆದುಕೊಂಡು ನೀರು ಹಾಕಿದೆ. ಅವರು ಗೋಡೆಗೆ ಒರಗಿಸಿಟ್ಟ ತಾಟುಗಳನ್ನು ನೋಡಿದರು.

"ಇಷ್ಟ್ ಪೋರಗೋಳಿಗಿ ಇಷ್ಟೇ ತಾಟೇನ್ ಯವ್ವಾ?"

"ಹನ್ನೊಂದ್ ಅದಾವ್ರಿ," ಎಂದೆ.

"ಉಳದವ್ರು?"

"ಅವ್ರು ವ್ಯಾನಿನವ್ರು ರೀ. ಇವತ್ತೊಂದಿನ ಬಂದಾರ."

ಅವರು ಸಿಟ್ಟಾಗಲಿಲ್ಲ. "ಆ ಪೋರಗೋಳ ಬೂಟಿನ ಪಾಲಿಶ್ ನೋಡೇ ಸಂಶಯ ಬಂದಿತ್ತು ನನಗ," ಎಂದು ದನಿ ತಗ್ಗಿಸಿದರು. "ಸಾಲಿ ಮುಚ್ಚಿದ್ರ ನಿನ್ನ ಕೆಲಸಾನೂ ಹೋಗ್ತದ. ಮತ್ತ ಯಾಕ ಹೇಳ್ದಿ?"

"ಪುಸ್ತಕ ನೋಡಿದ್ರ ಹೆಂಗೂ ಮುಚ್ಚತಾರ್ರಿ. ಗಾಡಿ ಆ ಊರಿಗಿ ಹ್ವಾದ್ರ ನಮ್ಮ ಪೋರಗೋಳು ಯಾವ್ದ್ರಾಗ ಹೋಗಬೇಕ್ರಿ?"

ಇಷ್ಟೇ ನಾನು ಆಡಿದ್ದು. ತಂಬಿಗೆಯನ್ನು ಒಲೆಯ ಹತ್ತಿರ ಇಟ್ಟು ಹಿಂದೆ ಸರಿದೆ.

ಅವರು ಮತ್ತೆ ಮೈಕಿನ ಮುಂದೆ ಹೋದರು. "ನಾ ಎಣಸೂದ್ರಾಗ ತಪ್ಪಿದೆ," ಎಂದರು, "ದಿನಾ ಇದೇ ಸಾಲಿಗಿ ಬರೋ ಪೋರಗೋಳ ತಾಯಂದಿರು ಕೈ ಎತ್ರಿ." ಅಂದು ಕೂಲಿ ಬಿಟ್ಟು ಬಂದಿದ್ದ ಕೆಲವು ಹೆಂಗಸರು ಅಂಜುತ್ತ ಕೈ ಎತ್ತಿದರು. ಗಾಡಿ ಎರಡೂ ಊರಿಗೆ ಸುತ್ತಿ ಹೋಗುವ ಹಾಗೆ ಮಾಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟರು. ನನ್ನ ಸುದ್ದಿ ಎತ್ತಲಿಲ್ಲ. ಆದರೆ ಅವರು ಅಡುಗೆ ಕೋಣೆಯಿಂದ ಹೊರಬಂದದ್ದನ್ನು ಊರೆಲ್ಲ ನೋಡಿತ್ತು.

"ಒಂದ್ ತಂಬಿಗಿ ನೀರು ಕೊಟ್ಟು ಸಾಲಿ ಕೊಟ್ಟಾಕಿ," ಎಂದು ಮೆಂಬರು ನಾನು ಹೋದಲ್ಲೆಲ್ಲ ಆಡಿದ. ನಲ್ಲಿಯ ಹತ್ತಿರ ಹೆಂಗಸರು ನನ್ನ ಕೊಡ ಬಂದರೆ ಮಾತು ನಿಲ್ಲಿಸುತ್ತಿದ್ದರು. ತಾಟು ತೊಳೆಯುತ್ತಿದ್ದ ಆ ಹುಡುಗಿಯ ತಾಯಿ ಮಾತ್ರ ಮನೆಗೇ ಬಂದಳು. "ನೀ ಮಾಡಿದ್ದು ಚಲೋ ಅಂತ ಹೇಳಾಕ ಬಂದಿಲ್ಲ ಚಿಗವ್ವಾ. ಗಾಡಿ ಬರಲಿಲ್ಲಂದ್ರ ಯಾರ್ನ ಕೇಳಬೇಕು, ಅದನ್ ಹೇಳು."

ಜೂನ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಗಾಡಿ ಬರಲಿಲ್ಲ. ಕಾಗದ ಇನ್ನೂ ಕಲಬುರಗಿಯಲ್ಲೇ ಇದೆ ಎಂದರು. ನನಗೆ ಬೇರೆ ಕೆಲಸವೂ ಇರಲಿಲ್ಲ. ದಿನಾ ಬೆಳಿಗ್ಗೆ ಆ ಹನ್ನೊಂದು ಮಕ್ಕಳನ್ನೂ ಕರೆದುಕೊಂಡು ಕಮಲಾಪುರಕ್ಕೆ ನಡೆದೆ. ರಸ್ತೆ ದಾಟುವಾಗ ಸಣ್ಣವರು ನನ್ನ ಸೆರಗು ಹಿಡಿಯುತ್ತಿದ್ದರು, ದೊಡ್ಡವರು ಅವರ ಚೀಲ ಹಿಡಿಯುತ್ತಿದ್ದರು. ಮಳೆ ಬಂದ ದಿನ ಯಾರದೋ ತೋಟದ ಬಾಳೆ ಎಲೆ ಕೊಯ್ದು ತಲೆಗೆ ಹಿಡಿದೆವು. ಹಾಗೆ ಮೂರು ವಾರ. ಆಮೇಲೆ ಗಾಡಿ ಬಂತು. ಇಂದಿಗೂ ಬರುತ್ತದೆ, ಹತ್ತು ಮಕ್ಕಳು ಅದರಲ್ಲಿ ಹೋಗುತ್ತಾರೆ.

ತಾಟು ತೊಳೆಯುತ್ತಿದ್ದ ಹುಡುಗಿ ಹೋಗುವುದಿಲ್ಲ. ನಡೆದ ಆ ವಾರಗಳಲ್ಲಿ ಒಂದು ಲಾರಿ ತೀರ ಹತ್ತಿರ ಹಾದು ಅವಳು ಹೆದರಿದಳು. ತಾಯಿ ತನ್ನ ಸಂಗಡ ತೋಟಕ್ಕೆ ಒಯ್ಯತೊಡಗಿದಳು. ನಾನು ನಾಲ್ಕು ಸಲ ಹೋಗಿ ಕರೆದೆ. ಗಾಡಿ ಬಂದಿದೆ, ರಸ್ತೆ ದಾಟುವುದು ಇಲ್ಲ ಎಂದೆ. ಅವಳು ತಾಯಿಯ ಹಿಂದೆ ಅಡಗಿದಳು. ಅದೇ ವರ್ಷ ದೀಪಾವಳಿಗೆ ನಿಮ್ಮಪ್ಪ ನನ್ನನ್ನು ಇಲ್ಲಿಗೆ ಕರೆತಂದ.

ಹತ್ತು ಮಕ್ಕಳ ಲೆಕ್ಕದಲ್ಲಿ ನಾನು ಮಾಡಿದ್ದು ಸರಿ ಎನಿಸುತ್ತದೆ. ಆ ಒಬ್ಬಳ ಮುಂದೆ ನಿಂತರೆ ಹಾಗೆ ಎನ್ನಲು ನನಗೆ ಧೈರ್ಯವಿಲ್ಲ. ಬರುವ ರಜೆಯಲ್ಲಿ ನೀವಿಬ್ಬರೂ ನನ್ನ ಜೊತೆ ಊರಿಗೆ ಬನ್ನಿ, ಐದನೆಯ ಸಲ ಕರೆಯೋಣ. ನಿಮ್ಮ ವಯಸ್ಸಿನವರು ಕರೆದರೆ ಬಂದಾಳು. ಬಾರದಿದ್ದರೆ, ನಾನಿಲ್ಲದ ಕಾಲಕ್ಕೂ ನೀವು ಕರೆಯುವುದು ಬಿಡಬೇಡಿ. ಎಂದಾದರೂ ಅವಳು ಓದು ಕಲಿತು ಯಾಕೆ ಹೀಗಾಯಿತು ಎಂದು ಕೇಳಿದರೆ, ಈ ಹಾಳೆಗಳನ್ನು ಅವಳ ಕೈಗೆ ಕೊಡಿ. ಅಲ್ಲಿಯವರೆಗೆ ನೀರು ತಾಗದ ಹಾಗೆ, ರದ್ದಿಯವನಿಗೆ ಹೋಗದ ಹಾಗೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ.